ಅಮ್ಮಿಯ ಪಾಲಿನ ಮುದ್ದೆ

ಯುದ್ಧದ ಕಾಲ ಅದು. ರಂಜಾನ್ ಬಂದರೂ ಹೊಳೆನರಸೀಪುರದ ನಮ್ಮ ಬೀದಿಯಲ್ಲಿ ಕರಿದ ಎಣ್ಣೆಯ ಘಮವಿಲ್ಲ. ಯಾರ ಮನೆಗೆ ಹೋದರೂ ರೇಷನ್ ಡಿಪೋ ರಾಗಿಯ ಮುಗ್ಗಲು ವಾಸನೆ. ನಾವು ಹುಡುಗಿಯರು ಮಾತ್ರ ಕುಂಟಾಬಿಲ್ಲೆ ಆಡುತ್ತಾ, ಬಿಳಿಚಿದ ನಾಲಗೆ ಚಾಚಿ, "ನೋಡೇ, ನಾನೂ ರೋಜಾ" ಅಂತ ಉಪವಾಸದ ಜಂಬ ಕೊಚ್ಚುತ್ತಿದ್ದೆವು.

ಅಮ್ಮಿಗೆ ಕ್ಷಯ. ಉಪವಾಸ ಕೂಡದೆಂದು ಹಕೀಮರು ಖಡಾಖಂಡಿತವಾಗಿ ಹೇಳಿದ್ದರು. ವಾಸಿಯಾಗದ ಕಾಯಿಲೆಯವರು ಒಂದೊಂದು ರೋಜಾಕ್ಕೆ ಬದಲಾಗಿ ಒಬ್ಬ ಬಡವರಿಗೆ ಊಟ ಹಾಕಬೇಕು, ಅದು ಫಿದ್ಯಾ. ಅದಕ್ಕೂ ಗತಿಯಿಲ್ಲದಿದ್ದರೆ ಅಲ್ಲಾಹನ ಕ್ಷಮೆ ಕೇಳಿದರೆ ಸಾಕು ಅಂತ ಮಸೀದಿಯ ಹಜರತರು ಅಬ್ಬಾನ ಕೈಲಿ ಹೇಳಿ ಕಳಿಸಿದರು.

"ನಮಗೇನು ಗತಿಯಿಲ್ಲವಾ? ಒಲೆ ಉರೀತಿದೆಯಲ್ಲ!" ಅಂದಳು ಅಮ್ಮಿ. ಮಹಾ ಹಟಮಾರಿ.

ದಿನಾ ಸಂಜೆ ಮಸೀದಿಯಲ್ಲಿ ಬಾಂಗ್ ಆಗುತ್ತಲೇ ಕುರುಡಿ ಮುದುಕಿಯೊಬ್ಬಳು ನಮ್ಮ ಜಗಲಿಗೆ ಬಂದು ಮುದ್ದೆ ಉಂಡು ದುವಾ ಮಾಡಿ ಹೋಗುತ್ತಿದ್ದಳು. ಅಮ್ಮಿ ಮಧ್ಯಾಹ್ನವೇ ಉಣ್ಣುತ್ತಿದ್ದಳು. ರೋಜಾ ಇದ್ದವರ ಕಣ್ಣೆದುರು ತಿನ್ನಬಾರದಲ್ಲ, ಅಡುಗೆಮನೆ ಬಾಗಿಲು ಮುಚ್ಚಿಕೊಳ್ಳುತ್ತಿದ್ದಳು. ಅವಳಿಗೆ ಸಂಕೋಚವಾದೀತೆಂದು ನಾವೂ ಆ ಕಡೆ ತಿರುಗುತ್ತಿರಲಿಲ್ಲ.

ಒಂದು ದಿನ ಪಕ್ಕದ ಮನೆಯ ಸಿದ್ದಮ್ಮ ಕೆಂಡ ಕೇಳಲು ಹಿತ್ತಲ ಬಾಗಿಲಿಗೆ ಹೋದವಳು ಓಡಿಬಂದು ಅಬ್ಬಾನ ಎದುರು ನಿಂತಳು.

"ಸಾಬ್ರೇ, ನಿಮ್ಮೆಂಗಸ್ರು ಉಣ್ಣಾಕಿಲ್ಲ ಕಣಿ! ಮುದ್ದೆ ಮುಂದಿಕ್ಕಂಡು ಸುಮ್ಕೆ ಕುಂತವ್ರೆ. ಆಮ್ಯಾಕೆ ಅಂಗೇ ಮುಚ್ಚಿಟ್ರು!"

ಸಂಜೆ ಮುದುಕಿ ಉಣ್ಣುತ್ತಿದ್ದದ್ದು ಅದೇ ಮುದ್ದೆ.

ಅಬ್ಬಾ ಅಳುತ್ತಲೇ ಬೈದರು. "ನಮ್ಮ ಪಾಲಿಂದ ಇಷ್ಟಿಷ್ಟು ಮುರಿದು ಕೊಟ್ಟಿದ್ರೆ ಆಗ್ತಿರಲಿಲ್ವೇನೇ?"

"ನೀವು ಹಗಲೆಲ್ಲ ಹಸಿದವರು. ನಿಮ್ಮ ತಟ್ಟೆಗೆ ಹೇಗೆ ಕೈ ಹಾಕಲಿ? ತಪ್ಪಿದ ರೋಜಾ ನಂದು. ತೀರಿಸೋಳೂ ನಾನೇ."

ಅಬ್ಬಾ ತಾವೇ ಗಂಜಿ ಕಾಯಿಸಿ ಕುಡಿಸಿದರು. ಮೈ ಅದನ್ನು ಒಪ್ಪಲಿಲ್ಲ, ರಕ್ತದ ಜೊತೆಗೇ ಹೊರಗೆ ಬಂತು. ಈದ್ ಚಂದ್ರ ಕಾಣುವ ಮೊದಲೇ ಅಮ್ಮಿ ಹೋದಳು. ಸೋನೆ ಮಳೆಯಲ್ಲಿ ಹೂತು ಬಂದರು.

ರಂಜಾನಿನಲ್ಲಿ ಹೋದವಳು ಪುಣ್ಯವಂತೆ ಅಂತ ಊರೆಲ್ಲ ಹೊಗಳಿತು, ಇವತ್ತಿಗೂ ನೆಂಟರು ಹೊಗಳುತ್ತಾರೆ. ಈಗ ನಮ್ಮ ಮನೆಯಲ್ಲಿ ಖರ್ಜೂರ, ಹಣ್ಣು, ಬಿರಿಯಾನಿ ತಿಂದು ಮಿಗುತ್ತದೆ. ಮೊಮ್ಮಕ್ಕಳಿಗೆ ಅವಳ ಕಥೆ ಹೇಳೆಂದು ಸೊಸೆ ದುಂಬಾಲು ಬೀಳುತ್ತಾಳೆ. ನಾನು ಹೇಳುವುದಿಲ್ಲ, ಸಿಟ್ಟು ಬರುತ್ತದೆ. ಎಂಟು ವರ್ಷದ ನನಗೆ ಅಂಥಾ ಪುಣ್ಯವಂತೆ ಯಾಕೆ ಬೇಕಿತ್ತು? ಅಮ್ಮಿ ಬೇಕಾಗಿದ್ದಳು.