ಬೆಳ್ಳಿರೆಕ್ಕೆ ಎದ್ದು ನಿಂತ ಪುಟ

ಹೋದ ತಿಂಗಳು ಕಲ್ಪೆಟ್ಟದಿಂದ ಊರಿಗೆ ಬರುವಾಗ, ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಗಸಿನ ಚೀಲದೊಳಗೆ ತೈಲದ ಬಾಟಲಿ ಸೋರಿತು. ಬಾಟಲಿಗೆ ಸುತ್ತಿದ್ದ ಹಳೆಯ ಪತ್ರಿಕೆ ನೆನೆದು ಮೆತ್ತಗಾಗಿತ್ತು. ಆಕೆ ಅದನ್ನು ಬಿಡಿಸಿದ್ದೇ ತಡ, ಕಾಲುನೋವಿನ ತೈಲವೂ ಅಚ್ಚಿನ ಮಸಿಯೂ ಬೆರೆತ ಘಾಟು ಎದ್ದಿತು. ಸುತ್ತಲಿದ್ದವರು ಕಿಟಕಿಯ ಕಡೆ ಮುಖ ತಿರುಗಿಸಿದರು. ನಾನು ಮಾತ್ರ ಉಸಿರೆಳೆದುಕೊಂಡು ಕೂತೆ. ನಮ್ಮ ಪಕ್ಕದ ಮನೆಯ ಅಕ್ಕನ ಕಾಮಿಕ್ಸ್ ಪುಸ್ತಕಗಳಿಗೆಲ್ಲ ಇದೇ ವಾಸನೆ ಇತ್ತು...

ಪೆರಿಕಲ್ಲೂರಿನಲ್ಲಿ ನಮಗೂ ಅವರಿಗೂ ನಡುವೆ ಒಂದು ಬೇಲಿ ಅಷ್ಟೇ. ಎರಡೂ ಮನೆಯ ಅಜ್ಜಂದಿರು ಮೈಸೂರು ಸೀಮೆಯ ಕೋಟೆಯ ಕಡೆಯಿಂದ ಹೊಳೆ ದಾಟಿ ಬಂದವರು. ಮನೆಯೊಳಗೆ ಕನ್ನಡ, ಬೀದಿಗಿಳಿದರೆ ಮಲಯಾಳ. ಅಕ್ಕ ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವಳು. ಎಳವೆಯಲ್ಲಿ ಬಂದ ಜ್ವರ ಅವಳ ಎಡಗಾಲನ್ನು ಸೊರಗಿಸಿಬಿಟ್ಟಿತ್ತು. ಪ್ರತಿ ಹೆಜ್ಜೆಗೂ ಸೊಂಟ ತಿರುಗಿಸಿ ಆ ಕಾಲನ್ನು ಮುಂದಕ್ಕೆ ಎಳೆದುಕೊಳ್ಳಬೇಕಿತ್ತು. ಬೆಳಿಗ್ಗೆ ಸಂಜೆ ಹಾಲಿನ ಸೊಸೈಟಿಯಲ್ಲಿ, ಜನ ಬರುವ ಮೊದಲೇ ಹೋಗಿ ಕೂತು, ಹಾಲು ಅಳೆಯುವುದು ಅವಳ ಕೆಲಸ. ಮನೆಗೆ ನೆಂಟರು ಬರುತ್ತಾರೆಂದು ಗೊತ್ತಾದರೆ ಅವಳ ಅವ್ವ ಮೊದಲು ಮಗಳನ್ನು ಜಗಲಿಯ ಬೆಂಚಿನ ಮೇಲೆ ಕೂರಿಸುತ್ತಿದ್ದರು. ಬಂದವರು ಹೊರಡುವ ತನಕ ಏಳುವ ಹಾಗಿಲ್ಲ. ಕೂತರೆ ಕಾಲು ಕಾಣುವುದಿಲ್ಲವಲ್ಲ. ಹಾಗಾಗಿ ಊರಿನ ಎಷ್ಟೋ ಜನ ಅವಳನ್ನು ಕೂತಲ್ಲೇ ನೋಡಿದ್ದರು, ನಡೆಯುವಾಗ ನೋಡಿರಲಿಲ್ಲ.

ಬೆಳ್ಳಿರೆಕ್ಕೆ ಎಂಬ ಕಾಮಿಕ್ಸ್ ಆಗ ತಿಂಗಳಿಗೊಮ್ಮೆ ಬರುತ್ತಿತ್ತು. ಮಲಯಾಳದ್ದನ್ನು ಊರಿನ ವಾಯನಶಾಲೆ ತರಿಸುತ್ತಿತ್ತು, ಪುಸ್ತಕ ಓದಲು ಎಲ್ಲರೂ ಸೇರುವ ಜಾಗ ಅದು. ಅಕ್ಕನಿಗೆ ಕನ್ನಡದ್ದೇ ಬೇಕು. ಅದು ಮೈಸೂರಿನ ಬಸ್ಸಿನಲ್ಲಿ ಬೈರಕುಪ್ಪೆಗೆ ಬಂದು, ಅಲ್ಲಿಂದ ದೋಣಿಯಲ್ಲಿ ಕಬಿನಿ ದಾಟಿ ಅವಳ ಕೈ ಸೇರುತ್ತಿತ್ತು. ಆಚೆ ದಡಕ್ಕೆ ಮಲಯಾಳದಲ್ಲಿ 'ಅಕ್ಕರೆ' ಅನ್ನುತ್ತಾರೆ. "ನಮ್ಮ ಪುಸ್ತಕ ಅಕ್ಕರೆಯಿಂದ ಬರೋದು ಕಣೇ" ಎಂದು ಅಕ್ಕ ಎರಡೂ ಭಾಷೆಯಲ್ಲಿ ಒಟ್ಟಿಗೇ ನಗುತ್ತಿದ್ದಳು. ರಾತ್ರಿ ಕಾಲಿಗೆ ತೈಲ ತಿಕ್ಕಿದ ಕೈಯಲ್ಲೇ ಪುಟ ತಿರುಗಿಸುತ್ತಿದ್ದಳು.

ಕತೆಯ ನಾಯಕಿ ಗಿರಣಿಯೊಂದರ ಕೂಲಿ ಹೆಂಗಸು. ಅವಳಿಗೆ ಬೆಳ್ಳಿಯ ರೆಕ್ಕೆಗಳಿವೆ. ಆಕಾಶದಲ್ಲಿ ಅವಳನ್ನು ಹಿಡಿಯುವವರಿಲ್ಲ. ನೆಲಕ್ಕಿಳಿದರೆ ಮಾತ್ರ ಕುಂಟು. ಅವಳ ಎದುರಾಳಿ ನೆರಳುದೊರೆ. ಜನರ ನೆರಳುಗಳನ್ನು ಕಿತ್ತುಕೊಂಡು, ನೆರಳಿಲ್ಲದವರಿಗೆ ಈ ಊರಿನಲ್ಲಿ ಜಾಗವಿಲ್ಲ ಎಂದು ಡಂಗುರ ಹೊಡೆಸುವವನು.

ಭಾನುವಾರ ಮಧ್ಯಾಹ್ನ ವಾಯನಶಾಲೆಯ ಜಗಲಿಯಲ್ಲಿ ಈ ನೆರಳಿನ ಮೇಲೆ ಜಗಳವೇ ನಡೆಯುತ್ತಿತ್ತು. ವಾಯನಶಾಲೆ ನಡೆಸುತ್ತಿದ್ದವರು ನಿವೃತ್ತ ಮೇಷ್ಟ್ರು, ಎಲ್ಲರ ಬಾಯಲ್ಲೂ 'ಮಾಷ್'. ಅವರ ಪ್ರಕಾರ ನೆರಳೆಂದರೆ ದುಡಿಮೆ, ನೆರಳುದೊರೆ ಬಂಡವಾಳಗಾರ. ಆಟೋ ಓಡಿಸುವ ಅಣ್ಣ, ಎಲ್ಲರಿಗೂ 'ಚೇಟ್ಟ', ಅದನ್ನು ಒಪ್ಪುತ್ತಿರಲಿಲ್ಲ. ನೆರಳೆಂದರೆ ರೇಷನ್ ಕಾರ್ಡು, ಅದಿಲ್ಲದವನ ಪಾಡು ನಿಮಗೇನು ಗೊತ್ತು ಅನ್ನುತ್ತಿದ್ದ. ಆಗಷ್ಟೇ ಕಾಲೇಜು ಸೇರಿದ್ದ ನಾನು, ನೆರಳೆಂದರೆ ನಮ್ಮ ಮನೆಮಾತು, ಶಾಲೆಯ ಬಾಗಿಲಲ್ಲಿ ಬಿಟ್ಟು ಒಳಗೆ ಹೋಗುವುದು ಅದೊಂದೇ ಅಂದಿದ್ದೆ. ಮಾಷ್ ತಲೆದೂಗಿದ್ದರು. ನನಗೆ ಹೆಮ್ಮೆಯೋ ಹೆಮ್ಮೆ. ಅದೇ ಉಮೇದಿನಲ್ಲಿ, ಹಾಗಾದರೆ ನಾಯಕಿಯ ಕುಂಟುಕಾಲು ಯಾವುದರ ಉಪಮೆ ಎಂದು ಕೇಳಿದೆ. ಮಾಷ್ ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು.

"ಉಪಮೆ ಗಿಪಮೆ ಏನಿಲ್ಲ ಕಣೇ. ಅದು ಕಾಲು."

ಅವಳಿಗೆ ತುಂಬ ಇಷ್ಟವಾದದ್ದು ಒಂದು ಪುಟ. ನೆರಳುದೊರೆ ತಳ್ಳಿದಾಗ ಬೆಳ್ಳಿರೆಕ್ಕೆ ಗಿರಣಿಯ ಅಂಗಳದಲ್ಲಿ ಬೀಳುತ್ತಾಳೆ. ರೆಕ್ಕೆ ಮುದುಡಿದೆ, ಹಾರುವ ಹಾಗಿಲ್ಲ. ಆಮೇಲೆ ಪುಟದ ತುಂಬ ಅವಳು ಏಳುವುದಷ್ಟೇ. ಒಂದು ಚೌಕದಲ್ಲಿ ಅಂಗೈ ಊರುತ್ತಾಳೆ, ಇನ್ನೊಂದರಲ್ಲಿ ಮಂಡಿ, ಮತ್ತೊಂದರಲ್ಲಿ ಜಾರುತ್ತಾಳೆ, ಪುನಃ ಅಂಗೈ. ಒಂದಕ್ಷರ ಮಾತಿಲ್ಲ. ಕೊನೆಯ ಚೌಕದಲ್ಲಿ ನಿಂತಿರುತ್ತಾಳೆ. "ಇದನ್ನ ಬರೆದೋನು ಯಾರನ್ನೋ ಪಕ್ಕದಲ್ಲಿ ಕೂತು ನೋಡಿದಾನೆ" ಎನ್ನುತ್ತಿದ್ದಳು ಅಕ್ಕ.

ಆ ಕಾಮಿಕ್ಸ್ ಸಿನಿಮಾ ಆಯಿತು. ಕಲ್ಪೆಟ್ಟಕ್ಕೆ ಬಂದ ವಾರವೇ ನಾವೆಲ್ಲ ಹೋದೆವು. ಅಕ್ಕ ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು. ಥಿಯೇಟರಿನ ಮೆಟ್ಟಿಲುಗಳನ್ನು ಯಾರ ಕೈಯೂ ಹಿಡಿಯದೆ ಹತ್ತಿದಳು. ಸಿನಿಮಾ ಶುರುವಾಗಿ ಸ್ವಲ್ಪ ಹೊತ್ತಿಗೆ ನಾಯಕಿಯ ಮೇಲೆ ಆಕಾಶದಿಂದ ಬೆಳ್ಳಿಯ ಬೆಳಕು ಸುರಿಯಿತು. ಬೆನ್ನಿನಲ್ಲಿ ರೆಕ್ಕೆ ಬಿಚ್ಚಿತು. ಅದರ ಜೊತೆಗೇ, ಪರದೆಯ ತುಂಬ ತೋರಿಸುತ್ತ, ಅವಳ ಸೊಟ್ಟ ಪಾದ ನೆಟ್ಟಗಾಯಿತು. ಥಿಯೇಟರಿಗೆ ಥಿಯೇಟರೇ ಸಿಳ್ಳೆ ಹಾಕಿತು. ನಾನು ಪಕ್ಕಕ್ಕೆ ತಿರುಗಿದೆ. ಅಕ್ಕ ತನ್ನ ಸೆರಗನ್ನು ಮಂಡಿಯ ಮೇಲೆ ಎಳೆದುಕೊಂಡು ಕಾಲು ಮುಚ್ಚಿದಳು. ಅವಳು ಕಾಯುತ್ತಿದ್ದ ಪುಟ ಬರಲೇ ಇಲ್ಲ.

ಹೊರಗೆ ಚಹದ ಅಂಗಡಿಯಲ್ಲಿ ಆಟೋ ಚೇಟ್ಟ ಅಕ್ಕನನ್ನು ಮಲಯಾಳದಲ್ಲಿ ಚೇಚಿ ಎಂದು ಕರೆದು, ಉಳಿದದ್ದನ್ನು ತನ್ನ ಹರಕು ಕನ್ನಡದಲ್ಲಿ ಸಮಾಧಾನ ಹೇಳಲು ನೋಡಿದ. "ಸಿನಿಮಾ ಅಲ್ಲವಾ ಚೇಚಿ? ಹೀರೋಯಿನ್ ಓಡಬೇಕು, ಹಾರಬೇಕು. ಸಾರಮಿಲ್ಲ, ಹೋಗಲಿ ಬಿಡಿ."

"ಹಾರೋದು ರೆಕ್ಕೆಯಿಂದ ಕಣಪ್ಪ. ಆ ಕಾಲು ಇವರಿಗೇನು ಮಾಡಿತ್ತು?" ಅಂದಳು ಅಕ್ಕ.



ಆ ವರ್ಷ ವಾಯನಶಾಲೆಯ ವಾರ್ಷಿಕೋತ್ಸವಕ್ಕೆ ಬೆಳ್ಳಿರೆಕ್ಕೆಯನ್ನೇ ನಾಟಕ ಮಾಡೋಣ ಎಂದು ಮಾಷ್ ಹೊರಟರು. ನಾಯಕಿಯ ಪಾತ್ರ ನನಗೆ. ನಾನು ಚುರುಕು, ಬೇಲಿ ಹಾರುತ್ತಿದ್ದವಳು. ಮೊದಲ ದಿನದ ತಾಲೀಮಿಗೆ ಅಕ್ಕ ಬಂದಳು. ಎಲ್ಲವನ್ನೂ ನೋಡಿ, ಕೊನೆಗೆ ಎದ್ದು ನಿಂತು, "ಮಾಷೇ, ಬೆಳ್ಳಿರೆಕ್ಕೆ ನಾನಾಗ್ತೀನಿ" ಅಂದಳು.

ಮಾಷ್ ಒಳ್ಳೆಯ ಮನುಷ್ಯ. ಕನ್ನಡಕ ತೆಗೆದು ಒರೆಸಿದರು. ಜನ ಅಯ್ಯೋ ಪಾಪ ಅಂದಾರು, ನಿನಗೇ ನೋವಾದೀತು ಎಂದು ಮೆಲ್ಲಗೆ ಮಲಯಾಳದಲ್ಲಿ ಹೇಳಿದರು.

"ಪಾಪ ಅನ್ನೋರು ಈಗಲೂ ಅಂತಾರೆ. ಆ ಪುಟ ಸಿನಿಮಾದೋರು ಬಿಟ್ರು. ನಾವೂ ಬಿಡಬೇಕಾ?"

ಮಾಷ್ ಕನ್ನಡಕ ಹಾಕಿಕೊಂಡು ಪಾತ್ರಗಳ ಪಟ್ಟಿ ತಿದ್ದಿದರು. ಪಾತ್ರ ಕೈ ತಪ್ಪಿತೆಂದು ನನಗೆ ಒಳಗೊಳಗೆ ಬೇಸರವಾದದ್ದು ನಿಜ. ನನಗೆ ನೆರಳುದೊರೆಯ ವೇಷ ಸಿಕ್ಕಿತು, ಹೊದೆಯಲು ಒಂದು ಕರಿ ಕಂಬಳಿ. ಅವಳನ್ನು ತಳ್ಳುವುದು ಈಗ ನನ್ನ ಕೆಲಸ. ತಾಲೀಮಿನಲ್ಲಿ ನಾನು ಭುಜ ಮುಟ್ಟಿ ಸುಮ್ಮನಾಗುತ್ತಿದ್ದೆ. "ಏನೇ, ಮಗೂನ ತೊಟ್ಟಿಲಿಗೆ ಹಾಕ್ತಿದೀಯಾ? ತಳ್ಳು!" ಎಂದು ಬಯ್ಯುತ್ತಿದ್ದಳು. ನೆಲಕ್ಕೆ ಹುಲ್ಲು ಹಾಸಿ ಬಿದ್ದಳು. ಎದ್ದಳು. ಮತ್ತೆ ಬಿದ್ದಳು. ಮೊದಮೊದಲು ಗೋಡೆ ಹಿಡಿಯದೆ ಏಳಲು ಆಗುತ್ತಿರಲಿಲ್ಲ. ಅಂಗೈಯ ಚರ್ಮ ಸುಲಿಯಿತು. ಅದಕ್ಕೂ ಅದೇ ತೈಲ.

ಅವಳ ಅವ್ವನಿಗೆ ವಿಷಯ ಗೊತ್ತಾದ ದಿನ ಬೇಲಿಯ ಈಚೆಗೂ ಕೇಳಿಸಿತು. "ಊರವರ ಮುಂದೆ ಬೀಳ್ತೀಯಾ? ಇಷ್ಟು ವರ್ಷ ನಾನು ಮುಚ್ಚಿಟ್ಟಿದ್ದು ಇದಕ್ಕಾ?"

"ಮುಚ್ಚಿಡು ಅಂತ ನಾನು ಕೇಳಿದ್ನೇನವ್ವ?"

ನಾಟಕಕ್ಕೆ ನಾನಂತೂ ಬರುವುದಿಲ್ಲ ಎಂದು ಅವ್ವ ಪಾತ್ರೆ ಕುಕ್ಕಿದ್ದೂ ಕೇಳಿಸಿತು.

ವಾರ್ಷಿಕೋತ್ಸವ ಮಧ್ಯಾಹ್ನವೇ. ಕತ್ತಲಾದರೆ ದಾರಿಗೆ ಆನೆ ಇಳಿಯುತ್ತದೆ, ಅಷ್ಟರೊಳಗೆ ಎಲ್ಲರೂ ಮನೆ ಸೇರಬೇಕು. ಪಕ್ಕದೂರು ಕೊಳವಳ್ಳಿಯಿಂದಲೂ ಜನ ಬಂದಿದ್ದರು. ಬರುವುದಿಲ್ಲ ಎಂದಿದ್ದ ಅವ್ವ ಮುಂದಿನ ಸಾಲಿನಲ್ಲೇ ಕೂತಿದ್ದರು. ಬಿಳಿ ಸೀರೆಗೆ ತಗಡಿನ ರೆಕ್ಕೆ ಕಟ್ಟಿಕೊಂಡು ಅಕ್ಕ ನಡೆದು ಬಂದಾಗ ಸಭೆಯಲ್ಲಿ ಗುಜುಗುಜು ಎದ್ದಿತು. ಹಾಲಿನ ಸೊಸೈಟಿಯ ಅಕ್ಕ ಎಂದು ಗುರುತು ಹಿಡಿಯಲು ಕೆಲವರಿಗೆ ಹೊತ್ತೇ ಬೇಕಾಯಿತು.

ನಾನು ತಳ್ಳಿದೆ. ಈ ಸಲ ನಿಜಕ್ಕೂ ತಳ್ಳಿದೆ. ಹುಲ್ಲಿಲ್ಲದ ಹಲಗೆಯ ಮೇಲೆ ಅವಳು ಬಿದ್ದ ಸದ್ದು ಹಿಂದಿನ ಸಾಲಿಗೂ ಕೇಳಿಸಿತು. ಮುಂದೆ ಕೂತಿದ್ದ ಮಕ್ಕಳು ನಕ್ಕವು. ಅಕ್ಕ ಅಂಗೈ ಊರಿದಳು. ಮಂಡಿ ಊರಿದಳು. ಜಾರಿದಳು. ಅಷ್ಟರಲ್ಲಿ ಅವ್ವ ಧಡಕ್ಕನೆ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ವೇದಿಕೆಯ ಕಡೆಗೆ ನುಗ್ಗಿ ಬಂದರು. ಎತ್ತಲು ಕೈ ಚಾಚಿದರು.

ನೆಲದಿಂದಲೇ ಅಕ್ಕ ತಲೆ ಎತ್ತಿದಳು. ದನಿ ಏರಿಸಲಿಲ್ಲ.

"ಅವ್ವ, ಕೂತ್ಕೊ. ಇದು ಕತೇಲೇ ಐತೆ."

ಅವ್ವನ ಕೈ ಗಾಳಿಯಲ್ಲೇ ನಿಂತಿತು. ಸುತ್ತ ನೋಡಿದರು. ಆಮೇಲೆ ಹಿಂದಕ್ಕೆ ಹೋಗಿ ಕೂತರು. ಮಕ್ಕಳ ನಗು ಯಾವಾಗ ನಿಂತಿತೋ ತಿಳಿಯದು. ಅಕ್ಕ ಪುನಃ ಅಂಗೈ ಊರಿದಳು. ಯಾವ ಅವಸರವೂ ಇಲ್ಲ. ನೆಲದಿಂದ ಎದ್ದು ನಿಲ್ಲಲು ತನಗೆ ದಿನಾ ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು ತೆಗೆದುಕೊಂಡಳು. ಇಡೀ ಊರು ಕೂತು ನೋಡಿತು. ನೆಟ್ಟಗೆ ನಿಂತಾಗ ಅವಳ ಹಣೆಯ ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ನಾನು ಹೇಳಬೇಕಿದ್ದ ಮಾತು ಮರೆತೇಹೋಯಿತು. ಕಂಬಳಿ ಹೊದ್ದು ಸುಮ್ಮನೆ ಎರಡು ಹೆಜ್ಜೆ ಹಿಂದೆ ಸರಿದೆ. ಆಟೋ ಚೇಟ್ಟನ ಸಿಳ್ಳೆ ಬಿದ್ದ ಮೇಲೆಯೇ ಜನ ಚಪ್ಪಾಳೆ ತಟ್ಟಿದ್ದು.

ಅವತ್ತು ಆ ಮನೆಯಲ್ಲಿ ತಾಯಿ ಮಗಳು ಏನು ಮಾತಾಡಿಕೊಂಡರೋ ನನಗೆ ಗೊತ್ತಿಲ್ಲ. ಕೆಲವು ವಾರ ಕಳೆದು ಬತ್ತೇರಿಯ ನೆಂಟರು ಬಂದಾಗ ನಾನೂ ಅಲ್ಲೇ ಇದ್ದೆ. ಅಕ್ಕ ರೂಢಿಯಂತೆ ಬೆಂಚಿನ ಮೇಲಿದ್ದಳು. ಅಡುಗೆಮನೆಯಿಂದ ಅವ್ವ ಕೂಗಿದರು: "ಕಾಫಿ ಆಯ್ತು, ಬಂದು ತಗೊಂಡೋಗಿ ಕೊಡು." ಅಕ್ಕ ನನ್ನ ಮುಖ ನೋಡಿದಳು. ಎದ್ದು, ಸೊಂಟ ತಿರುಗಿಸಿ ಕಾಲೆಳೆಯುತ್ತ ಒಳಗೆ ಹೋಗಿ, ತಟ್ಟೆ ಹಿಡಿದು ನೆಂಟರ ನಡುವೆ ನಡೆದು ಬಂದಳು. ಕಾಫಿ ಅಲ್ಲಲ್ಲಿ ತುಳುಕಿತು. ಯಾರಾದರೂ ಏನಾದರೂ ಅಂದಾರೆಂದು ಅವ್ವ ಬಾಗಿಲಲ್ಲೇ ನಿಂತಿದ್ದರು.

ನನ್ನ ಮದುವೆಯ ಮರು ವರ್ಷ ಜ್ವರವೆಂದು ಆಸ್ಪತ್ರೆಗೆ ಹೋದ ಅಕ್ಕ ತಿರುಗಿ ಬರಲಿಲ್ಲ. ನಾನು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು... ಪುಸ್ತಕಗಳನ್ನು ಅವ್ವ ವಾಯನಶಾಲೆಗೆ ಕೊಟ್ಟರು. ಓದುವವರು ಕಡಿಮೆ. ನಮ್ಮ ಮಕ್ಕಳಿಗೆ ಕನ್ನಡ ಅಕ್ಷರ ಬಾರದು.

ಈಗ ಬೆಳ್ಳಿರೆಕ್ಕೆ ಫೋನಿನಲ್ಲಿ ಧಾರಾವಾಹಿಯಾಗಿ ಬರುತ್ತಿದೆ. ಇದರಲ್ಲಿ ನಾಯಕಿ ಕುಂಟುತ್ತಾಳೆ. ಪಾತ್ರ ಮಾಡಿದವಳ ಎರಡು ಕಾಲೂ ಗಟ್ಟಿಯಾಗಿವೆ, ಕುಂಟಲು ಶ್ರಮಪಟ್ಟು ಕಲಿತಳಂತೆ, ಎಲ್ಲರೂ ಹೊಗಳುತ್ತಿದ್ದಾರೆ. ಮೊನ್ನೆ ಭಾನುವಾರ ವಾಯನಶಾಲೆಯಲ್ಲಿ ಅದೇ ಮಾತು. ಹೊಸ ಹುಡುಗಿಯರು, ಕಿವಿ ಮಂದವಾದ ಮಾಷ್. ಚೇಚಿ ನೀವು ಹೇಳಿ ಎಂದರು. ಅಕ್ಕ ಏನನ್ನುತ್ತಿದ್ದಳೋ ನನಗೆ ನಿಜವಾಗಿಯೂ ಗೊತ್ತಿಲ್ಲ. ಕಾಲನ್ನು ಉಳಿಸಿಕೊಂಡರಲ್ಲ ಎಂದು ಖುಷಿಪಡುತ್ತಿದ್ದಳೋ, ಅಂಥ ಕಾಲಿದ್ದವರನ್ನು ಬಿಟ್ಟು ಇವಳೇಕೆ ಎಂದು ಸಿಡುಕುತ್ತಿದ್ದಳೋ. ಅವಳ ಹೆಸರಿನಲ್ಲಿ ಮಾತಾಡಬಾರದು ಎಂದುಕೊಂಡು ನನಗನಿಸಿದ್ದನ್ನೇ ಹೇಳಿದೆ: ಅಂಥ ಕಾಲಿನವರು ನಮ್ಮೂರಿನಲ್ಲೇ ಇದ್ದಾರೆ, ನಟಿಸಬಲ್ಲರು, ಅವರನ್ನು ಯಾರೂ ಕೇಳಲಿಲ್ಲ. ಅವರನ್ನು ಕೇಳುವ ತನಕ ನಾನು ಈ ಮಾತು ಬಿಡುವುದಿಲ್ಲ.

ಹುಡುಗಿಯರು ತಲೆದೂಗಿದರು. ಎಲ್ಲರೂ ಒಪ್ಪಿಬಿಟ್ಟರು. ನನಗೆ ಬೇಕಿದ್ದದ್ದು ಒಪ್ಪಿಗೆ ಅಲ್ಲ. ಎದುರಿಗೆ ಕೂತು, ಪುಟ ಬಿಚ್ಚಿ ತೋರಿಸಿ, ನನ್ನ ಜೊತೆ ಕತ್ತಲಾಗುವ ತನಕ ಜಗಳವಾಡುವ ಒಬ್ಬಳು ಬೇಕಿತ್ತು.