ಉಸ್ತಾದರ ಕೈ ಮತ್ತು ಸೋರುವ ಎಂಜಿನ್

ಎಂಜಿನ್ ಕೆಳಗೆ ರಟ್ಟು ಹಾಸಿಟ್ಟು, ಬೆಳಿಗ್ಗೆ ಎದ್ದ ಕೂಡಲೇ ಅದನ್ನು ಎಳೆದು ನೋಡುವುದು ಆ ಬೇಸಿಗೆಯಲ್ಲಿ ನನ್ನ ಮೊದಲ ಕೆಲಸ. ಹಲ್ಲುಜ್ಜುವುದು ಆಮೇಲೆ. ರಟ್ಟಿನ ಮೇಲೆ ಆಯಿಲ್ಲಿನ ಕಪ್ಪು ಕಲೆ ಒಂದು ದಿನವೂ ತಪ್ಪುತ್ತಿರಲಿಲ್ಲ.

ನನ್ನದು ಹಳೆಯ ಡೀಸೆಲ್ ವ್ಯಾನು. ಬಳ್ಳಾರಿಯಲ್ಲಿ ಕತ್ತರಿಸಿದ ಜೀನ್ಸ್ ಬಟ್ಟೆಯನ್ನು ಕುರುಗೋಡು, ಸಿರುಗುಪ್ಪದಲ್ಲಿ ಮನೆಯಲ್ಲೇ ಹೊಲಿಯುವವರಿಗೆ ಮುಟ್ಟಿಸಿ, ಹೊಲಿದ ಪ್ಯಾಂಟುಗಳನ್ನು ವಾಪಸು ತರುವುದು ನನ್ನ ದಂಧೆ. ಹೆಡ್ ಗ್ಯಾಸ್ಕೆಟ್ ಹೋದಾಗ ಎಂಜಿನ್ ಬಿಚ್ಚಿ ಕೂಡಿಸಿದವರು ಕೌಲ್ ಬಜಾರಿನ ಉಸ್ತಾದರು. ಅರವತ್ತು ದಾಟಿದ ಮೆಕ್ಯಾನಿಕ್. ನಾನು ಗಾಡಿ ಇಟ್ಟಾಗಿನಿಂದ ಅವರನ್ನು ಬಿಟ್ಟು ಬೇರೆಯವರ ಸ್ಪ್ಯಾನರ್ ಅದಕ್ಕೆ ತಾಗಿರಲಿಲ್ಲ. ಎಂಜಿನ್ ಮೇಲೆ ಅಂಗೈ ಇಟ್ಟೇ ರೋಗ ಹೇಳುತ್ತಿದ್ದ ಮನುಷ್ಯ.

ವಾರದೊಳಗೆ ಸೋರಿಕೆ ಶುರುವಾಯಿತು. ಮೊದಲು ಮುಂದಿನ ಸೀಲಿನಿಂದ, ಬದಲಿಸಿದರು. ಆಮೇಲೆ ಮೇಲಿನ ಕವರಿನಿಂದ. ಅದರ ಗ್ಯಾಸ್ಕೆಟ್ಟೂ ಹೊಸದಾಯಿತು. ಮೂರನೇ ಸಲ ಹಿಂದುಗಡೆಯಿಂದ. ಎಂಜಿನ್ನನ್ನು ಒರೆಸಿ, ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿ, ಗಾಡಿ ಓಡಿಸಿ ತಂದು, ಪೌಡರ್ ಎಲ್ಲಿ ಒದ್ದೆಯಾಗಿದೆ ಎಂದು ಟಾರ್ಚ್ ಹಿಡಿದು ಹುಡುಕಿದರು. ಒಂದು ಕಡೆ ಬಿಗಿ ಮಾಡಿದರೆ ಮತ್ತೊಂದು ಕಡೆ ಜಿನುಗುತ್ತಿತ್ತು.

“ನಂದ ತಪ್ಪ ಇರಬೇಕ ತಮ್ಮಾ. ಮತ್ತೊಮ್ಮಿ ಬಿಚ್ಚಿ ನೋಡ್ತೀನಿ,” ಎನ್ನುತ್ತಿದ್ದರು.

ಗಾಡಿಯನ್ನು ಅನುಮಾನಿಸಬೇಕಾದವರು ತಮ್ಮನ್ನೇ ಅನುಮಾನಿಸಿಕೊಂಡರು. ನಾನೂ ಅದನ್ನೇ ನಂಬಿದೆ. ನಂಬುವುದು ಸುಲಭವಾಗಿತ್ತು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಒಂದು ಮಧ್ಯಾಹ್ನ ಸಿರುಗುಪ್ಪ ರಸ್ತೆಯಲ್ಲಿ ಆಯಿಲ್ ಖಾಲಿಯಾಗಿ ಗಾಡಿ ನಿಂತಿತು. ಬಿಸಿಲಲ್ಲಿ ಬೆಂದು, ಗಾಡಿಯನ್ನು ಎಳೆಸಿಕೊಂಡು ಕೌಲ್ ಬಜಾರಿಗೆ ಬಂದೆ. ಗ್ಯಾರೇಜಿನಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ಅವರೆದುರಿಗೇ ಅಂದೆ:

“ಉಸ್ತಾದ್, ನಿಮ್ ಕೈಯಾಗ ಏನೂ ಉಳಿದಿಲ್ರಿ. ಇನ್ನೊಬ್ರ ಗಾಡಿ ಹಾಳ ಮಾಡಬ್ಯಾಡ್ರಿ, ಸುಮ್ನ ಮನ್ಯಾಗ ಕುಂಡರ್ರಿ.”

ಅವರು ಹಳೇ ಬನಿಯನ್ ಚಿಂದಿಗೆ ಕೈ ಒರೆಸಿಕೊಂಡರು. ನಾನು ಅಷ್ಟಕ್ಕೆ ಬಿಟ್ಟೆನೇ? ಬ್ರೂಸ್‌ಪೇಟೆಯಲ್ಲಿ ಲೋಡಿಗೆ ಕಾಯುವ ಡ್ರೈವರುಗಳಿಗೆಲ್ಲ ಅದೇ ಪುರಾಣ ಓದಿದೆ.

ತಿಂಗಳ ಮೇಲೆ ಕುರುಗೋಡಿನ ಒಬ್ಬ ಮೆಕ್ಯಾನಿಕ್‌ಗೆ ಗಾಡಿ ತೋರಿಸಿದೆ. ಅವನು ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತೆಗೆದ. ಒಳಗಿನಿಂದ ಗಾಳಿ ಭುಸ್ಸೆಂದಿತು.

“ಉಸಿರು ಕಟ್ಟೈತಣ್ಣಾ. ಗಾಳಿ ಹೊರಗ ಹೋಗಾಕ ದಾರಿ ಇಲ್ಲ. ಅದಕ್ಕ ಸಿಕ್ಕಸಿಕ್ಕಲ್ಲಿ ಆಯಿಲ್ ದಬ್ಬಾಕತ್ತೈತಿ.”

ಎಂಜಿನ್‌ನಿಂದ ಏರ್ ಫಿಲ್ಟರಿಗೆ ಹೋಗುವ ಪೈಪನ್ನು ಫಿಲ್ಟರ್ ಕಡೆಯಿಂದ ಕಿತ್ತು, ಅದರ ಬಾಯಿಯೊಳಗಿನಿಂದ ಇಕ್ಕಳದಲ್ಲಿ ಏನನ್ನೋ ಎಳೆದ. ಗಟ್ಟಿಯಾಗಿ ತುರುಕಿದ್ದ ನೀಲಿ ಜೀನ್ಸ್ ಚಿಂದಿ.

ಉಸ್ತಾದರ ಗ್ಯಾರೇಜಿನಲ್ಲಿ ಜೀನ್ಸ್ ಚಿಂದಿ ಎಲ್ಲಿಂದ ಬರಬೇಕು? ಅದು ಇರುವುದು ನನ್ನ ಸೀಟಿನ ಕೆಳಗೆ. ಹೆಡ್ ಕೆಲಸ ಮುಗಿದ ಮರುದಿನ ಸಿರುಗುಪ್ಪದಲ್ಲಿ ಎಂಜಿನ್ ತೊಳೆಯುವಾಗ, ನೀರು ಒಳಗೆ ಹೋಗದಿರಲೆಂದು ನಾನೇ ಆ ಪೈಪ್ ಬಿಚ್ಚಿ ಚಿಂದಿ ತುರುಕಿದ್ದೆ. ತೆಗೆಯುವುದನ್ನು ಮರೆತು ಪೈಪ್ ಮತ್ತೆ ಸಿಕ್ಕಿಸಿದ್ದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇ ಬಂತು.

ಅವತ್ತೇ ಕೌಲ್ ಬಜಾರಿಗೆ ಹೋದೆ. ಗ್ಯಾರೇಜಿನ ಷಟರ್ ಎಳೆದಿತ್ತು. ಹಿಂದಿನ ಓಣಿಯಲ್ಲಿ ಅವರ ಮನೆ. ಉಸ್ತಾದರು ಬಿಳಿ ಬಟ್ಟೆ ಹಾಕಿಕೊಂಡು ಮಂಚದ ಮೇಲೆ ಕೂತಿದ್ದರು. ಅವರ ಉಗುರುಗಳನ್ನು ಅಷ್ಟು ಸ್ವಚ್ಛವಾಗಿ ನಾನೆಂದೂ ಕಂಡಿರಲಿಲ್ಲ. ಚಿಂದಿಯನ್ನು ಮುಂದಿಟ್ಟು ಎಲ್ಲ ಹೇಳಿದೆ. ಕಾಲು ಮುಟ್ಟಲು ಬಗ್ಗಿದರೆ ತಡೆದರು.

“ನನ್ನ ಸಮಾಧಾನಕ್ಕ ಇಷ್ಟ ದೂರ ಬಂದೀ ತಮ್ಮಾ. ಆದ್ರ ನೀ ಅವತ್ತ ಅಂದಿದ್ದ ಖರೇ ಐತಿ. ಅವತ್ತಿಂದ ಬೋಲ್ಟ್ ಹಿಡಿದ್ರ ಕೈ ನಡಗ್ತಾವ. ಸಾಮಾನೆಲ್ಲ ಮಾರಿಬಿಟ್ಟೆ.”

“ಅಲ್ರಿ ಉಸ್ತಾದ್, ತಪ್ಪ ನಂದು. ದೇವರಾಣಿ ನಂದು,” ಎಂದೆ. ಅಷ್ಟರಲ್ಲಿ ನನಗೆ ಅಳು ಬಂದಿತ್ತು.

ಅವರು ನಕ್ಕು ನನ್ನ ಹೆಗಲು ತಟ್ಟಿದರು. ಹೆಗಲ ಮೇಲಿನ ಆ ಕೈ ನಿಜವಾಗಿಯೂ ನಡುಗುತ್ತಿತ್ತು.

“ಆ ಕುರುಗೋಡಿನಾವನ ಕೈ ಚಲೋ ಐತಿ,” ಎಂದರು. “ಇನ್ ಮ್ಯಾಲ ಅವಂಗ ಗಾಡಿ ತೋರ್ಸು.”