ವೈರು ಕಾಣಬಾರದು

ನನ್ನ ಕಾರಿನಲ್ಲಿ ಎರಡು ಸುಳ್ಳು ಬಟನ್‌ಗಳಿವೆ. ಮೊದಲು ಮೂರಿದ್ದವು. ಮೂರನೆಯದು ಹೇಗೆ ನಿಜವಾಯಿತು ಎಂದು ಯಾರಾದರೂ ಒಬ್ಬರು ಕೇಳಲಿ ಅಂತ ಇಡೀ ಚಳಿಗಾಲ ಕಾದೆ. ನಾನಾಗಿಯೇ ಹೇಳಿಕೊಳ್ಳುವ ಜಾತಿಯವಳಲ್ಲ. ಆದರೆ ಕೇಳಲಿ ಎಂದು ಆಸೆಪಡುವ ಜಾತಿ ಖಂಡಿತ ಹೌದು.

ಸುಳ್ಳು ಬಟನ್ ಅಂದರೇನು ಎಂದು ನೀವು ಕೇಳಬಹುದು. ಸ್ಟೀರಿಂಗಿನ ಎಡಕ್ಕೆ, ಮೊಣಕಾಲಿನ ಹತ್ತಿರ ನೋಡಿ. ಇದೇ ಕಾರನ್ನು ಹೆಚ್ಚು ಬೆಲೆ ಕೊಟ್ಟು ಕೊಂಡವರಿಗೆ ಅಲ್ಲಿ ಸೀಟು ಬೆಚ್ಚಗಾಗಿಸುವ ಬಟನ್ ಇತ್ಯಾದಿ ಇರುತ್ತವೆ. ನನ್ನಂಥವರಿಗೆ ಅದೇ ಜಾಗದಲ್ಲಿ ಬಟನ್ನಿನ ಆಕಾರದ ಕಪ್ಪು ಮುಚ್ಚಳ. ಒತ್ತಿದರೆ ಒಳಗೆ ಹೋಗುವುದಿಲ್ಲ, ಮೇಲೆ ಯಾವ ಚಿತ್ರವೂ ಇಲ್ಲ. ಚಳಿಯಲ್ಲಿ ಸೀಟಿನ ಮೇಲೆ ಕೂತು ಅದನ್ನು ನೋಡಿದರೆ, ಬಡಿಸದೇ ಬಿಟ್ಟ ಎಲೆಯ ಮುಂದೆ ಕೂತ ಹಾಗಾಗುತ್ತದೆ.

ಒಂದು ಸಂಜೆ ಡಚ್ಚರ ನಾಡಿನ ಬೆಸ್ಟ್ ಎಂಬ ಊರಿನ ನನ್ನ ಮನೆಯಲ್ಲಿ ಚಹಾ ಕುಡಿಯುತ್ತಾ ಒಂದು ವಿಡಿಯೋ ನೋಡಿದೆ. ಯಾವುದೋ ದೇಶದ ಒಬ್ಬಾತ ತನ್ನ ಕಾರಿಗೆ ರಾಡಾರ್ ಡಿಟೆಕ್ಟರ್ ಕೂರಿಸುತ್ತಿದ್ದ. ಪೊಲೀಸರು ವೇಗ ಅಳೆಯುವ ಯಂತ್ರದ ಅಲೆಗಳನ್ನು ದೂರದಿಂದಲೇ ಹಿಡಿದು ಕೀ ಕೀ ಎನ್ನುವ ಪೆಟ್ಟಿಗೆ ಅದು. ಪೆಟ್ಟಿಗೆಯನ್ನು ಆತ ಒಳಗೆ ಅಡಗಿಸಿದ, ವೈರನ್ನು ಚಾವಣಿಯ ಬಟ್ಟೆಯೊಳಗೆ ತೂರಿಸಿದ, ಸಣ್ಣ ದೀಪವೊಂದನ್ನು ಮಾತ್ರ ಒಂದು ಸುಳ್ಳು ಬಟನ್ನಿನೊಳಗೆ ಕೂರಿಸಿದ. ಎಲ್ಲ ಮುಗಿದಾಗ ಕಾರು ಹುಟ್ಟಿನಿಂದಲೇ ಹಾಗಿತ್ತೇನೋ ಅನ್ನಿಸುತ್ತಿತ್ತು. ನನ್ನ ಚಹಾ ಆರಿಹೋಗಿತ್ತು. ನನಗೂ ಅದು ಬೇಕು ಅನ್ನಿಸಿತು. ಪೆಟ್ಟಿಗೆಯಲ್ಲ, ಕೂರಿಸುವ ಕೆಲಸ.

ಅಡ್ಡಿ ಎರಡಿದ್ದವು. ಮೊದಲನೆಯದು, ಈ ದೇಶದಲ್ಲಿ ಆ ಪೆಟ್ಟಿಗೆ ನಿಷಿದ್ಧ. ಹಾಕಿಸುವುದಿರಲಿ, ಕಾರಿನಲ್ಲಿ ಇಟ್ಟುಕೊಂಡು ಓಡಾಡುವುದೂ ತಪ್ಪು. ಎರಡನೆಯದು, ನಾನು ವೇಗವಾಗಿ ಓಡಿಸುವವಳೇ ಅಲ್ಲ. ರಾಟರ್‌ಡ್ಯಾಮಿನಲ್ಲಿರುವ ನನ್ನ ಅಕ್ಕ ಶಾಹೀನಾ ಆಪಾ ಹೇಳುವ ಪ್ರಕಾರ, ನನ್ನನ್ನು ಲಾರಿಗಳು ಹಿಂದೆ ಹಾಕುವಾಗ ಅವುಗಳ ಡ್ರೈವರುಗಳು ಕನಿಕರದಿಂದ ನೋಡುತ್ತಾರೆ. ಆದರೂ ಆಸೆ ದಾರಿ ಹುಡುಕಿಕೊಂಡಿತು. ಕಾನೂನು ಒಪ್ಪುವ ಬೇರೊಂದು ಉಪಕರಣವಿದೆ. ಅದು ಯಾವ ಅಲೆಯನ್ನೂ ಹಿಡಿಯುವುದಿಲ್ಲ. ಕ್ಯಾಮೆರಾ ಕಂಬಗಳು ಎಲ್ಲೆಲ್ಲಿವೆ ಎಂದು ಬಾಯಿಪಾಠ ಮಾಡಿಕೊಂಡಿರುತ್ತದೆ. ಮಿಕ್ಕದ್ದನ್ನು ಮುಂದೆ ಹೋದ ಚಾಲಕರಿಂದ ಕೇಳಿ ತಿಳಿಸುತ್ತದೆ. ಮುಂದಿನ ಬೆಂಚಿನವರನ್ನು ಕೇಳಿ ಉತ್ತರ ಬರೆದರೆ ತಪ್ಪಿಲ್ಲ, ಮೇಷ್ಟ್ರ ಚೀಲಕ್ಕೆ ಕೈಹಾಕಿದರೆ ತಪ್ಪು. ಕಾನೂನಿನ ಸೂಕ್ಷ್ಮ ನನಗೆ ಅರ್ಥವಾದದ್ದು ಇಷ್ಟು. ಕೂಡಲೇ ತರಿಸಿದೆ.

ವೈರುಗಳನ್ನು ಮುಚ್ಚುವ ಗೀಳು ನನಗೆ ಚಿತ್ರದುರ್ಗದ ನಮ್ಮ ಮನೆಯಿಂದ ಬಂದದ್ದು. ಅಲ್ಲಿ ನಮ್ಮ ಅಮ್ಮಿ ಟಿವಿಗೆ ಒಂದು ಮುಸುಕು, ಮಿಕ್ಸಿಗೆ ಒಂದು ಮುಸುಕು, ಫ್ರಿಜ್ಜಿನ ಹಿಡಿಗೂ ಒಂದು ಅಂಗಿ ಹೊಲಿದು ಹಾಕಿದ್ದರು. ಆದರೆ ಅಂಗಡಿಯಲ್ಲಿ ಕಸೂತಿಯ ದುಪಟ್ಟಾ ಬಿಚ್ಚಿ ತೋರಿಸಿದರೆ ಅಮ್ಮಿ ಹೂವನ್ನು ನೋಡುತ್ತಲೇ ಇರಲಿಲ್ಲ. ಬಟ್ಟೆಯನ್ನು ತಿರುಗಿಸಿ ಹಿಂಬದಿ ನೋಡುತ್ತಿದ್ದರು. ಅಲ್ಲಿ ಗಂಟುಗಳು ಜೋತಾಡುತ್ತಿದ್ದರೆ ಎದ್ದು ಹೊರಡುವುದೇ. ಇಲ್ಲಿ ನೋಡಿದರೆ ಜನ ಕಿಟಕಿಗೆ ಪರದೆಯನ್ನೂ ಎಳೆಯುವುದಿಲ್ಲ. ಬೀದಿಯಲ್ಲಿ ನಡೆದರೆ ಯಾರ ಮನೆಯಲ್ಲಿ ಏನು ಊಟ ಎಂದು ತಿಳಿಯುತ್ತದೆ. ಎಂಥ ಬಿಚ್ಚು ಮನಸ್ಸಿನ ಜನ ಎಂದು ಮೊದಮೊದಲು ಬೆರಗಾಗಿದ್ದೆ. ಆಮೇಲೆ ತಿಳಿಯಿತು: ಇವರ ನೆಲದ ಕಾಲು ಭಾಗ ಸಮುದ್ರದ ಮಟ್ಟಕ್ಕಿಂತ ಕೆಳಗಿದೆ. ಎಲ್ಲೋ ಪಂಪುಗಳು ಹಗಲೂ ರಾತ್ರಿ ನೀರೆತ್ತಿ ಹಾಕುತ್ತಿರುವುದರಿಂದ ಆ ಕಿಟಕಿ, ಆ ಊಟ ಎರಡೂ ಮುಳುಗದೆ ಉಳಿದಿವೆ. ಪಂಪುಗಳ ಸದ್ದು ನನಗೆ ಒಂದು ದಿನವೂ ಕೇಳಿಲ್ಲ. ಇವರೂ ವೈರು ಮುಚ್ಚುವವರೇ, ಕೊಂಚ ದೊಡ್ಡ ಪ್ರಮಾಣದಲ್ಲಿ.

ಒಂದು ಶನಿವಾರ ಬೆಳಿಗ್ಗೆ ಕೆಲಸಕ್ಕೆ ಕೂತೆ. ಕೈಯಲ್ಲಿ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಪಟ್ಟಿ, ದೋಸೆ ಮಗುಚುವ ಕೈಗೆ ತಮ್ಮನಂತಿರುವುದು. ಅದನ್ನು ಮುಂದಿನ ಗಾಜಿನ ಪಕ್ಕದ ಕಂಬದ ಹೊದಿಕೆಯ ಸಂದಿಗೆ ತೂರಿಸಿ ಮೀಟಿದೆ. 'ಟಕ್' ಎಂದು ಕ್ಲಿಪ್ ಬಿಟ್ಟುಕೊಂಡಿತು. ಕಾರನ್ನೇ ಮುರಿದೆನೋ ಎಂದು ಹೆದರಿಕೆ ಬಂತು. ಎರಡನೆಯ 'ಟಕ್'ಗೆ ಧೈರ್ಯ ಬಂತು. ಮೂರನೆಯದಕ್ಕೆ ನಗು ಬಂತು. ಕಾರಿನ ಚರ್ಮದೊಳಗೆ ಇಷ್ಟೊಂದು ನಡೆಯುತ್ತಿರುತ್ತದೆ ಎಂದು ನನಗೇನು ಗೊತ್ತು! ಕಟ್ಟು ಕಟ್ಟಾಗಿ ವೈರುಗಳು, ಪ್ರತಿಯೊಂದಕ್ಕೂ ಬಟ್ಟೆಯ ಟೇಪು, ಮಡಚಿ ಮಲಗಿಸಿದ ಏರ್‌ಬ್ಯಾಗ್. ಅದು ಅಪಘಾತದಲ್ಲಿ ತೆರೆದುಕೊಳ್ಳುವಾಗ ನನ್ನ ವೈರು ಅಡ್ಡ ಬರಬಾರದು. ಆದ್ದರಿಂದ ಏರ್‌ಬ್ಯಾಗಿನ ಮುಂದೆ ಅಲ್ಲ, ಹಿಂದೆ. ಕನ್ನಡಿಯ ಹಿಂದೆ ಪುಟ್ಟ ಆಂಟೆನಾ, ಅಲ್ಲಿಂದ ಚಾವಣಿಯ ಅಂಚು, ಕಂಬ, ಕೆಳಗೆ ಫ್ಯೂಸ್ ಡಬ್ಬಿ, ಅದರ ಮುಚ್ಚಳದ ಹಿಂದೆ ಉಪಕರಣ. ಕೀಲಿ ತಿರುಗಿಸಿದಾಗ ಸುಳ್ಳು ಬಟನ್ನಿನ ನಡುವೆ ಸಾಸಿವೆಯಷ್ಟು ಹಸಿರು ದೀಪ ಹೊತ್ತಿತು. ನಾನು ಒಬ್ಬಳೇ ಚಪ್ಪಾಳೆ ತಟ್ಟಿದೆ.

ಸಂಕಟ ಶುರುವಾದದ್ದು ಅಲ್ಲಿಂದ. ಕೆಲಸ ಎಷ್ಟು ಚೆನ್ನಾಗಿತ್ತೆಂದರೆ ಅದು ಯಾರಿಗೂ ಕಾಣಿಸಲಿಲ್ಲ. ದಿನವೂ ನನ್ನ ಜೊತೆ ಆಫೀಸಿಗೆ ಬರುವ ಉಡುಪಿಯ ದಿವ್ಯಾ, ಹತ್ತಿದ ಕೂಡಲೇ ತನ್ನ ಚಾರ್ಜರಿನ ವೈರನ್ನು ಗೇರಿನ ಮೇಲೆ ಹಾವಿನಂತೆ ಎಳೆದು ಸಿಕ್ಕಿಸಿದಳು. "ನಿನ್ನ ಕಾರು ಎಷ್ಟು ನೀಟ್ ಮಾರಾಯ್ತಿ, ಏನೂ ಇಲ್ಲ ಇದ್ರಲ್ಲಿ," ಅಂದಳು. ಏನೂ ಇಲ್ಲವಂತೆ!

ಫೆಬ್ರುವರಿಯ ಒಂದು ಭಾನುವಾರ ಮಧ್ಯಾಹ್ನ, ಆಪಾಳನ್ನು ರಾಟರ್‌ಡ್ಯಾಮಿನಿಂದ ನನ್ನ ಮನೆಗೆ ಕರೆತರುತ್ತಿದ್ದೆ. ಟಿಲ್‌ಬರ್ಗ್‌ ಹತ್ತಿರ ಪೊಲೀಸರು ಎಲ್ಲ ಕಾರುಗಳನ್ನೂ ಪಕ್ಕಕ್ಕೆ ಕರೆಯುತ್ತಿದ್ದರು. ಕುಡಿದಿದ್ದಾರೋ ಎಂದು ನೋಡುವ ಮಾಮೂಲಿ ತಪಾಸಣೆ. ಎತ್ತರದ ಪೊಲೀಸ್ ಒಬ್ಬ ಕೊಳವೆ ಚಾಚಿದ, ನಾನು ಊದಿದೆ, ಆತ ತಲೆಯಾಡಿಸಿದ. ಇನ್ನೇನು ಹೋಗಿ ಅನ್ನಬೇಕು, ಅಷ್ಟರಲ್ಲಿ ಆತನ ಕಣ್ಣು ಹಸಿರು ಸಾಸಿವೆಯ ಮೇಲೆ ಬಿತ್ತು.

"ಅದೇನು? ಕಾರಿನ ಜೊತೆಗೇ ಬಂದದ್ದಾ?" ಎಂದು ಡಚ್‌ನಲ್ಲಿ ಕೇಳಿದ.

ಕಾರಿನ ಜೊತೆಗೇ ಬಂದದ್ದಾ! ನನ್ನ ಕಿವಿ ಬೆಚ್ಚಗಾಯಿತು. "ಅಲ್ಲ," ಅಂದೆ. "ನಾನೇ ಹಾಕಿದ್ದು."

ನನ್ನ, ಆಪಾಳ ಮನೆಮಾತು ದಖನಿ. ಆದರೆ ಇಲ್ಲಿ ಹಿಂದಿ, ಉರ್ದು ಬಲ್ಲವರು ಎಲ್ಲಿ ಬೇಕಾದರೂ ಸಿಗುವುದರಿಂದ ಗುಟ್ಟಿಗೆ ನಾವು ಕನ್ನಡವನ್ನು ಇಟ್ಟುಕೊಂಡಿದ್ದೇವೆ. ಆಪಾ ಹಲ್ಲು ಕಚ್ಚಿ ಕನ್ನಡಕ್ಕೆ ಇಳಿದಳು.

"ಹೂಂ ಅಂದಿದ್ರೆ ಮುಗಿದೋಗ್ತಿತ್ತಲ್ಲೇ!"

"ಸುಳ್ಳು ಹೇಳ್ಲಾ ಆಪಾ?"

"ಸುಳ್ಳು ಯಾಕೆ, ಸುಮ್ನೆ ಇರೋದು. ನಿಂಗೆ ಅದು ಚೆನ್ನಾಗಿ ಬರತ್ತಲ್ಲ!"

ಪೊಲೀಸ್ ಬಗ್ಗಿ ಡ್ಯಾಶ್‌ಬೋರ್ಡಿನ ಕೆಳಗೆ ನೋಡಿದ, ಮೇಲೆ ನೋಡಿದ. ಹುಬ್ಬು ಗಂಟಾಯಿತು. ಇಷ್ಟು ಜೋಪಾನವಾಗಿ ಅಡಗಿಸಿದ್ದಾರೆ ಅಂದರೆ ಅಡಗಿಸಬೇಕಾದದ್ದೇ ಇರಬೇಕು ಎಂದು ಆತನಿಗೆ ಅನ್ನಿಸಿದ್ದು ಸಹಜ. ಇದು ನಿಷೇಧಿಸಿದ ರಾಡಾರ್ ಡಿಟೆಕ್ಟರ್ ಅಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು ಅಂದ. ಆಮೇಲೆ ಆ ಮಾತು ಕೇಳಿದ:

"ವೈರು ಎಲ್ಲಿ?"

ಇಡೀ ಚಳಿಗಾಲ ಕಾದ ಪ್ರಶ್ನೆ! ಭಯವಾಗಬೇಕಿತ್ತು. ನಾನು ಮುಂದಿನ ಖಾನೆ ತೆರೆದು ಕಿತ್ತಳೆ ಪಟ್ಟಿಯನ್ನು ಹೊರತೆಗೆದೆ.

"ಯಾ ಅಲ್ಲಾ, ಅದನ್ನ ಕಾರಲ್ಲೇ ಇಟ್ಕೊಂಡು ಓಡಾಡ್ತೀಯಾ?" ಅಂದಳು ಆಪಾ. "ಬೇರೆ ಹುಡ್ಗೀರು ಲಿಪ್‌ಸ್ಟಿಕ್ ಇಟ್ಕೋತಾರೆ."

ಟಕ್, ಟಕ್, ಟಕ್. ಕಂಬದ ಹೊದಿಕೆ ತೆಗೆದು ತೋರಿಸಿದೆ. ಆಫೀಸಿನ ಸಭೆಗಳಲ್ಲಿ ಎರಡು ವಾಕ್ಯ ಡಚ್ ಆಡಿ ನೀರು ಕುಡಿಯುವವಳು ನಾನು. ಅಂದು ನನ್ನ ಬಾಯಿಗೆ ಬಿಡುವೇ ಇರಲಿಲ್ಲ. ಏರ್‌ಬ್ಯಾಗಿನ ಹಿಂದೆ ಯಾಕೆ ಹೋಗಬೇಕು, ಬರೀ ಟೇಪು ಸುತ್ತಿದರೆ ಬೇಸಿಗೆಯಲ್ಲಿ ಹೇಗೆ ಅಂಟಂಟಾಗುತ್ತದೆ, ಬಟ್ಟೆಯ ಟೇಪಿದ್ದರೆ ಯಾಕೆ ಗಡಗಡ ಅನ್ನುವುದಿಲ್ಲ, ಎಲ್ಲ ವಿವರಿಸಿದೆ. ಆತ ಕೇಳದಿದ್ದರೂ ಫ್ಯೂಸ್ ಡಬ್ಬಿಯ ಮುಚ್ಚಳ ತೆಗೆದೆ. ಉಪಕರಣದ ಹೆಸರನ್ನು ಓದಿ, ಇದು ಕಾನೂನಿಗೆ ಒಪ್ಪಿಗೆಯಾದದ್ದೇ ಎಂದು ಆತ ಅಷ್ಟರಲ್ಲಾಗಲೇ ಗುರುತಿಸಿದ್ದ. ಆದರೂ ಟಾರ್ಚ್ ಹಿಡಿದು ಚಾವಣಿಯಿಂದ ಕೆಳಗಿನವರೆಗೆ ವೈರಿನ ದಾರಿಯನ್ನು ನಿಧಾನವಾಗಿ ನೋಡಿಕೊಂಡು ಬಂದ. ಕೊನೆಗೆ ಟಾರ್ಚ್ ಆರಿಸಿ ಒಂದೇ ಮಾತು ಅಂದ: "ನೆಟ್ಯಸ್."

ಅಚ್ಚುಕಟ್ಟು ಎಂದರ್ಥ. ಹೊಗಳಿಕೆಯಲ್ಲಿ ಈ ಜನ ಇದಕ್ಕಿಂತ ಮೇಲೆ ಏರುವುದನ್ನು ನಾನು ಕಂಡಿಲ್ಲ.

ಮತ್ತೆ ರಸ್ತೆಗೆ ಬಂದ ಮೇಲೆ ಆಪಾ ನನ್ನ ಕಡೆ ತಿರುಗಿದಳು. "ಇಷ್ಟು ಮಾತಾಡ್ತೀಯಾ ನೀನು? ಮೊನ್ನೆ ಹುಡುಗನ ಮನೆಯವ್ರು ಬಂದಾಗ ಹೂಂ, ಊಹೂಂ ಬಿಟ್ರೆ ಬಾಯೇ ಬಿಡ್ಲಿಲ್ಲ!"

"ಅವರು ವೈರು ಎಲ್ಲಿ ಅಂತ ಕೇಳ್ಲಿಲ್ಲ," ಅಂದೆ.

ಆಪಾ ನಕ್ಕು ನಕ್ಕು ಸೀಟ್ ಬೆಲ್ಟ್ ಸಡಿಲಿಸಿಕೊಂಡಳು. ನಕ್ಕು ಮುಗಿದ ಮೇಲೆ, "ಯಾವ ಕಂಬ? ಇನ್ನೊಂದ್ಸಲ ತೋರ್ಸು," ಅಂದಳು.

ಮನೆ ತಲುಪುವ ಮೊದಲೇ ಸುದ್ದಿ ಚಿತ್ರದುರ್ಗಕ್ಕೆ ಹೋಗಿತ್ತು. ಅಮ್ಮಿಯ ಫೋನು ಬಂತು. ಪೊಲೀಸು ಹಿಡಿದದ್ದಕ್ಕೆ ಬೈಗುಳ ಕಾದಿದೆ ಎಂದುಕೊಂಡೆ. ಅಮ್ಮಿ ಎಲ್ಲ ಕೇಳಿಸಿಕೊಂಡು ದಖನಿಯಲ್ಲಿ ಇಷ್ಟೇ ವಿಚಾರಿಸಿದರು: "ಬೇಟಾ, ಹಿಂದಗಡೆ ಗಂಟು ಕಾಣ್ತಿತ್ತಾ?"

"ಇಲ್ಲ ಅಮ್ಮಿ."

"ಹಾಗಾದ್ರೆ ಸರಿ. ತಿರುಗಿಸಿ ನೋಡಿದನಲ್ಲ, ಒಳ್ಳೆ ಮನೆಯ ಹುಡುಗ ಇರಬೇಕು."

ಫೋನಿಟ್ಟ ಮೇಲೆ ನೆನಪಾಯಿತು. ಫ್ಯೂಸ್ ಡಬ್ಬಿಯ ಬೆನ್ನಿಗೆ, ಟಾರ್ಚಿನ ಬೆಳಕು ಹೋಗದ ಜಾಗದಲ್ಲಿ, ವೈರು ಬಿಗಿದ ಪ್ಲಾಸ್ಟಿಕ್ ದಾರವೊಂದರ ಬಾಲವನ್ನು ನಾನು ಕತ್ತರಿಸಿಯೇ ಇರಲಿಲ್ಲ. ಯಾರೂ ನೋಡುವುದಿಲ್ಲ ಎಂದು ಇಷ್ಟು ದಿನ ಬಿಟ್ಟಿದ್ದೆ. ಈಗ ಆ ಮಾತನ್ನು ನಂಬುವುದು ಕಷ್ಟವಾಯಿತು. ಜಗತ್ತಿನಲ್ಲಿ ತಿರುಗಿಸಿ ನೋಡುವವರು ಇಬ್ಬರಾದರೂ ಇದ್ದಾರೆ. ಕತ್ತರಿ ಹಿಡಿದು ಕೆಳಗಿಳಿದು ಹೋಗಿ ಬಾಲ ಕತ್ತರಿಸಿದೆ. ತಲೆಯೆತ್ತಿದರೆ ಉಳಿದೆರಡು ಸುಳ್ಳು ಬಟನ್‌ಗಳು ಎದುರಿಗೇ ಇದ್ದವು. ಬಡಿಸದೇ ಬಿಟ್ಟ ಎಲೆಯ ಹಾಗೆ ಅನ್ನಿಸಲಿಲ್ಲ. ಇನ್ನೂ ಜಾಗ ಇದೆ ಅನ್ನಿಸಿತು.